ರೈಫಲ್ ರೆಡಿ ಕೊಳ್ಳಬೇಕೋ, ಕಟ್ಟಿಸಬೇಕೋ?

ಪ್ರಶ್ನೆ: ಸರ್, ನಮ್ಮದು ಚಿಂಚೋಳಿ ಕಡೆ. ತೊಗರಿ ಹೊಲಕ್ಕ ಹಂದಿ ಕಾಟ ಭಾಳ ಆಗ್ಯಾದ. ಬೋಲ್ಟ್ ರೈಫಲ್ ತಗೋಬೇಕಂತ ಮಾಡೀನಿ. ಯೂಟ್ಯೂಬ್‌ನಾಗ ಅಮೆರಿಕಾದವರು ಬಿಡಿಭಾಗ ತರಿಸಿ ತಾವೇ ಜೋಡಸ್ತಾರ. ಕಾರ್ಖಾನೆದು ಚಲೋನೋ, ಕಟ್ಟಿಸೋದು ಚಲೋನೋ?

ಉತ್ತರ: ಕಟ್ಟಿಸುವ ಮಾತು ಇಲ್ಲಿಗೇ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರವೇ, ಅದನ್ನು ತಯಾರಿಸುವ ಯಂತ್ರವೂ ಶಸ್ತ್ರವೇ. ಪರವಾನಗಿ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ನಿಮ್ಮ ಹತ್ತಿರ ಲೈಸೆನ್ಸ್ ಇದ್ದರೂ ಅದು ಇಟ್ಟುಕೊಳ್ಳುವ ಲೈಸೆನ್ಸ್, ತಯಾರಿಸುವುದಲ್ಲ. ಕುಲುಮೆಯವನು ಮಾಡಿಕೊಡುತ್ತಾನೆ ಅನ್ನುವವರು ಊರಿಗೊಬ್ಬರು ಇರುತ್ತಾರೆ. ಮಾಡಿದವನೂ ಮಾಡಿಸಿದವನೂ ಒಂದೇ ಜೀಪು ಹತ್ತುತ್ತಾರೆ.

ಅಮೆರಿಕದವರದು ಬೇರೆ ಕಥೆ. 1962ರಿಂದ ಮಾರಾಟದಲ್ಲಿರುವ ರೆಮಿಂಗ್ಟನ್ 700ರಂಥ ರೈಫಲ್ಲಿನ ಬೋಲ್ಟು (ಕೈಯಿಂದ ಹಿಂದೆ ಮುಂದೆ ಎಳೆದು ತೋಟಾ ಒಳಗೆ ಕೂರಿಸುವ ಉಕ್ಕಿನ ತುಂಡು), ಅದು ಓಡಾಡುವ ಮನೆ ಇಟ್ಟುಕೊಂಡು ನಳಿಕೆ ಒಬ್ಬರದು, ಹಿಡಿಕೆಯ ಕಟ್ಟಿಗೆ ಇನ್ನೊಬ್ಬರದು ಕೂಡಿಸುತ್ತಾರೆ. ದುಡ್ಡು ಉಳಿಯುತ್ತದೆ ಅಂತ ತಿಳಿಯಬೇಡಿ, ಬಹಳ ಸಲ ರೆಡಿ ರೈಫಲ್ಲಿಗಿಂತ ಜಾಸ್ತಿಯೇ ಬೀಳುತ್ತದೆ. ತಮ್ಮ ಭುಜಕ್ಕೆ, ತಮ್ಮ ಗುರಿಗೆ ಹೊಂದಲಿ ಅನ್ನುವ ಹವ್ಯಾಸ ಅದು. ಅಲ್ಲಿಯೂ ನಳಿಕೆ ಕೂಡಿಸುವುದು ಬಹುಪಾಲು ಪಳಗಿದ ಕಸುಬುದಾರರೇ. ಬೋಲ್ಟು ಮುಚ್ಚಿದಾಗ ಅದರ ಮುಖಕ್ಕೂ ಕೂತ ತೋಟಾಕ್ಕೂ ನಡುವೆ ಉಳಿಯುವ ಸಂದಿನಲ್ಲಿ ಒಂದು ಕಾಗದದ ದಪ್ಪದಷ್ಟು ಹೆಚ್ಚುಕಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಸಂದು ಜಾಸ್ತಿಯಾದರೆ ತೋಟಾದ ಹಿತ್ತಾಳೆಯ ಖೋಕಾ ಸೀಳುತ್ತದೆ, ಕಾದ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಹೊಡೆಯುವವನ ಕಣ್ಣು ಆ ಬೋಲ್ಟಿನಿಂದ ಒಂದು ಗೇಣಿನಾಚೆ ಇರುತ್ತದೆ, ಅಷ್ಟೇ.

ಹಾಗಾದರೆ ಕೊಳ್ಳುವುದು. ನಮ್ಮಲ್ಲಿ ಬೋಲ್ಟ್ ರೈಫಲ್ ಅಂದರೆ ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ .315 (ಇಂಚಿನ ಲೆಕ್ಕದ ಗುಂಡಿನ ಅಳತೆ). ಸೈನ್ಯದ .303 ತೋಟಾ ಜನರ ಕೈಗೆ ಹೋಗಬಾರದು ಅಂತ ಬ್ರಿಟಿಷರು ತಡೆದಾಗ ಬಳಕೆಗೆ ಬಂದ ಅಳತೆ ಇದು. ಒಳಗಿನ ಕೆಲಸ ಮಾತ್ರ ಬ್ರಿಟಿಷ್ ಸೈನ್ಯದ ಹಳೇ ಲೀ-ಎನ್‌ಫೀಲ್ಡ್ ರೈಫಲ್ಲಿನದೇ. ಹಳೆಯದನ್ನು ಕೊಳ್ಳುವುದಾದರೆ ಬೋಲ್ಟಿನ ಮೇಲಿನ ನಂಬರೂ ರೈಫಲ್ಲಿನ ನಂಬರೂ ತಾಳೆ ನೋಡಿ. ಬೇರೆ ರೈಫಲ್ಲಿನ ಬೋಲ್ಟು ಬಂದು ಕೂತಿದ್ದರೆ ಮೇಲೆ ಹೇಳಿದ ಸಂದಿನ ತೊಂದರೆ ನಿಮ್ಮ ಮನೆಗೇ ಬಂದಂತೆ. ನಮ್ಮ ಸೋದರಮಾವನ ಒಂಟಿ ನಳಿಕೆಯನ್ನು ಚುನಾವಣೆ ಬಂದಾಗ ಚಾದರದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಲು ಹೋಗುತ್ತಿದ್ದೆವು. ಅಲ್ಲಿನ ಪೇದೆ ಕನ್ನಡಕ ಏರಿಸಿ, ನಂಬರಿನ ಮೇಲೆ ಉಗುರು ಆಡಿಸುತ್ತಾ ಒಂದೊಂದೇ ಅಂಕಿ ಜೋರಾಗಿ ಓದುತ್ತಿದ್ದ. ನೀವೂ ಹಾಗೇ ಓದಿ.

ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಚಿಂಚೋಳಿಯವರು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು, ಪೊಲೀಸ್ ವರದಿ ಬಂದ ಮೇಲೆ ಮುಂದಿನ ಮಾತು. ಸಿಕ್ಕರೆ 5 ವರ್ಷಕ್ಕೊಮ್ಮೆ ನವೀಕರಣ.

ಆದರೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ: ನಿಮಗೆ ರೈಫಲ್ಲೇ ಯಾಕೆ? ನಮ್ಮ ಎರೆಭೂಮಿ ಅಂಗೈಯಂತೆ ಸಪಾಟು. ಗುರಿ ತಪ್ಪಿದ .315ರ ಗುಂಡು ಕಿಲೋಮೀಟರಿಗೂ ಆಚೆ ಹೋಗುತ್ತದೆ, ತೊಗರಿಯ ಎತ್ತರದಲ್ಲಿ ಆಚೆ ಯಾರು ಕೂತಿದ್ದಾರೋ ಕಾಣಿಸುವುದಿಲ್ಲ. (ಕಲಬುರಗಿ ಕೋಟೆಯ ಬಾರಾ ಗಜಿ ತೋಪು ಅನ್ನುವ ಉದ್ದ ಫಿರಂಗಿ ನೋಡಿ ಬೆಳೆದ ನಮಗೆ ದೂರ ಹೋದಷ್ಟೂ ಚಲೋ ಅನ್ನುವ ಭ್ರಮೆ.) ಇನ್ನು ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿಗೆ ಗುಂಡು ಹೊಡೆಯಲು ಬರುವುದಿಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಇದೆ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಚಿಗರಿಯಂತೂ (ಕೃಷ್ಣಮೃಗ) ಆ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯ ಪ್ರಾಣಿ, ಅದರ ತಂಟೆಯೇ ಬೇಡ.

ಹಂದಿ ಕೆಡವಿದ ಬೆಳೆಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಲು ಬರುತ್ತದೆ. ಬಿದ್ದ ಗಿಡ ಎತ್ತಿ ಹಾಕುವ ಮೊದಲೇ ಫೋಟೋ ಹೊಡೆದುಕೊಳ್ಳಿ, ಪಹಣಿ ಜೊತೆಗಿರಲಿ.