ಕೊಹಿಮಾದ ಮಣ್ಣಲ್ಲಿ ಸಿಗುವ ಪುಟ್ಟ ಗುದ್ದಲಿ ಎಲ್ಲಿಂದ ಬಂತು?

ನಾಗಾಲ್ಯಾಂಡಿನ ಕೊಹಿಮಾ, ಮಣಿಪುರದ ಇಂಫಾಲ್ ಸುತ್ತಿನ ಗುಡ್ಡಗಳಲ್ಲಿ 1944ರಲ್ಲಿ ಜಪಾನಿಯರೊಡನೆ ನಡೆದ ಯುದ್ಧದ ಕಬ್ಬಿಣ ಇವತ್ತಿಗೂ ಸಿಗುತ್ತದೆ. ಮನೆಗೆ ಪಾಯ ತೋಡುವಾಗ, ಹೊಲ ಅಗೆಯುವಾಗ, ಜೋರು ಮಳೆಗೆ ದಿಣ್ಣೆ ಕುಸಿದಾಗ ಮೇಲೆ ಬರುತ್ತದೆ. ಹೆಲ್ಮೆಟ್ಟು, ಗುಂಡಿನ ಖಾಲಿ ತೋಟೆ, ನೀರಿನ ಬಾಟಲಿ ಸಿಕ್ಕರೆ ಯಾರಿಗಾದರೂ ಗೊತ್ತಾಗುತ್ತದೆ. ಕೆಲವೊಮ್ಮೆ ಒಂದು ಗೇಣಿಗಿಂತ ತುಸು ಉದ್ದದ ಕಬ್ಬಿಣದ ತುಂಡು ಸಿಗುತ್ತದೆ. ಒಂದು ಕಡೆ ಅಗಲವಾದ ಅಲಗು, ಇನ್ನೊಂದು ಕಡೆ ಚೂಪು ಮೊನೆ, ನಡುವೆ ಕಾವು ಹಾಕುವ ತೂತು. ಕಾವು ಕೊಳೆತು ಮಣ್ಣಾಗಿ ಎಷ್ಟೋ ಕಾಲವಾಗಿರುತ್ತದೆ. ನಮ್ಮ ಕಡೆಯ ರೈತರಿಗೆ ತೋರಿಸಿದರೆ ಮಕ್ಕಳಾಟದ ಗುದ್ದಲಿ ಅಂದುಬಿಟ್ಟಾರು.

ಅದು ಆಟದ ಸಾಮಾನಲ್ಲ. ಬ್ರಿಟಿಷ್ ಮತ್ತು ಭಾರತೀಯ ಸೇನೆಯ ಕಾಲಾಳು ಮೈಮೇಲೆ ಹೊತ್ತು ತಿರುಗುತ್ತಿದ್ದ ಎಂಟ್ರೆಂಚಿಂಗ್ ಟೂಲ್, ಅಂದರೆ ಗುಂಡಿನ ಸುರಿಮಳೆಯಲ್ಲಿ ತನಗೊಂದು ಗುಳಿ ತೋಡಿಕೊಳ್ಳುವ ಸಾಧನ. ಸಿಕ್ಕಿದ್ದು 1944ರ ರಣರಂಗದಲ್ಲಾದರೂ ಅದರ ನಮೂನೆ 1908ರದ್ದು. ಕತೆ ಅದಕ್ಕೂ ಹಿಂದಕ್ಕೆ ಹೋಗುತ್ತದೆ.

ಕಾಲಾಳು ತನ್ನ ಗುಳಿಯನ್ನು ತಾನೇ ತೋಡಿಕೊಳ್ಳಬೇಕು ಅನ್ನುವುದು ತೀರಾ ಹಳೆಯ ವಿಚಾರವೇನಲ್ಲ. ಹಿಂದೆ ಸೈನಿಕರು ಸಾಲಾಗಿ ನಿಂತು ಗುಂಡು ಹಾರಿಸುತ್ತಿದ್ದರು. ಕೋಟೆ, ಕಂದಕದ ಕೆಲಸವೆಲ್ಲ ಸ್ಯಾಪರುಗಳ, ಅಂದರೆ ಸೇನೆಯ ಎಂಜಿನಿಯರ್ ಪಡೆಯ, ಪಾಲಿಗೆ. 19ನೇ ಶತಮಾನದ ನಡುವಿಗೆ ಬಂದೂಕು ಬದಲಾಯಿತು. ಹಿಂದಿನಿಂದ ಗುಂಡು ತುಂಬುವ ರೈಫಲ್ ಬಂದ ಮೇಲೆ ಮಲಗಿಕೊಂಡೇ ಬೇಗ ಬೇಗ, ದೂರಕ್ಕೆ ಹೊಡೆಯಬಹುದಿತ್ತು. ನಿಂತವನು ಸತ್ತ. ಇದನ್ನು ನೋಡಿ ಮದ್ದು ಹುಡುಕಿದವನು ಮ್ಯಾಡ್ಸ್ ಲಿನ್ನೆಮನ್ ಎಂಬ ಡೆನ್ಮಾರ್ಕಿನ ಸೇನಾಧಿಕಾರಿ. 1869ರಲ್ಲಿ ಅವನು ಒಂದು ಗಿಡ್ಡ ಸಲಿಕೆಗೆ ಪೇಟೆಂಟ್ ತೆಗೆದುಕೊಂಡ. ಚೌಕನೆಯ ಉಕ್ಕಿನ ಅಲಗು, ಗಿಡ್ಡ ಕಾವು. ಮಣ್ಣು ತೆಗೆಯುವುದಕ್ಕೂ ಆಗಬೇಕು, ಕೊಂಬೆ ಕಡಿಯುವುದಕ್ಕೂ ಆಗಬೇಕು ಅನ್ನುವುದು ಅವನ ಲೆಕ್ಕ. ಆಸ್ಟ್ರಿಯಾ, ಜರ್ಮನಿ, ಫ್ರಾನ್ಸ್, ರಷ್ಯಾ ಎಲ್ಲವೂ ಅದನ್ನೇ ಹಿಡಿದವು. ರಷ್ಯಾದ ಸೈನಿಕರ 50 ಸೆಂಟಿಮೀಟರಿನ ಸಲಿಕೆ ಅದರ ವಂಶದ್ದೇ.

ಬ್ರಿಟಿಷರು ಮಾತ್ರ ಬೇರೆ ದಾರಿ ಹಿಡಿದರು. 1880ರ ದಶಕದಲ್ಲಿ ಸಲಿಕೆ ಮತ್ತು ಪಿಕಾಸಿ ಎರಡನ್ನೂ ಸೇರಿಸಿದ ವ್ಯಾಲೇಸ್ ಎಂಬ ಸಾಧನ ತಂದರು. ಅದು ಯಾರಿಗೂ ಅಷ್ಟು ಹಿಡಿಸಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರ ಜೊತೆ ನಡೆದ ಯುದ್ಧದಲ್ಲಂತೂ ತೋಡುವ ಸಾಮಾನಿನ ಕೊರತೆ ದೊಡ್ಡ ಪೆಟ್ಟು ಕೊಟ್ಟಿತು.

ಸ್ಪಿಯನ್ ಕೋಪ್ ಬೆಟ್ಟದ ಮೇಲೆ ನಡೆದದ್ದನ್ನೇ ನೋಡಿ. 1900ರ ಜನವರಿ 23ರ ರಾತ್ರಿ ಬ್ರಿಟಿಷ್ ಪಡೆ ಕತ್ತಲಲ್ಲಿ ಬೆಟ್ಟ ಹತ್ತಿತು. ಅಷ್ಟು ಜನಕ್ಕೆ ಕೊಂಡೊಯ್ದಿದ್ದು 20 ಪಿಕಾಸಿ, 20 ಸಲಿಕೆ ಅಷ್ಟೇ. ಮೇಲೆ ನೋಡಿದರೆ ಬರೀ ಬಂಡೆ. ಬೆಳಗಾಗುವಷ್ಟರಲ್ಲಿ ತೋಡಿದ ಕಂದಕ ಮೊಣಕಾಲಿನವರೆಗೂ ಬಂದಿರಲಿಲ್ಲ. ಮಂಜು ಕರಗಿದಾಗ ಇನ್ನೊಂದು ಆಘಾತ. ಸುತ್ತಲಿನ ಎತ್ತರದ ದಿಬ್ಬಗಳಲ್ಲಿ ಬೋಯರರು ಕೂತಿದ್ದರು. ಆ ಗಿಡ್ಡ ಕಂದಕದಲ್ಲೇ ಜನ ರಾಶಿ ರಾಶಿಯಾಗಿ ಸತ್ತರು. ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಸಾಗಿಸಿದವರಲ್ಲಿ ನಟಾಲಿನ ಭಾರತೀಯರ ಆಂಬುಲೆನ್ಸ್ ದಳವೂ ಇತ್ತು. ಅದನ್ನು ಕಟ್ಟಿದವರು ಅಲ್ಲಿ ವಕೀಲಿಕೆ ಮಾಡುತ್ತಿದ್ದ ಮೋಹನದಾಸ ಗಾಂಧಿ.

ಯುದ್ಧ ಮುಗಿದ ಮೇಲೆ ಸೇನೆ ತನ್ನ ಸರಂಜಾಮನ್ನೆಲ್ಲ ಮತ್ತೆ ಯೋಚಿಸಿತು. ಚರ್ಮದ ಬೆಲ್ಟು-ಚೀಲ ಬಿಟ್ಟು ದಪ್ಪ ಹತ್ತಿ ಪಟ್ಟಿಯ ಸೆಟ್ಟು ಬಂತು. ರಾಯಲ್ ಐರಿಶ್ ಫ್ಯುಸಿಲಿಯರ್ಸ್‌ನ ಮೇಜರ್ ಬರೋಸ್ ಮತ್ತು ಮಿಲ್ಸ್ ಕಂಪನಿ ಸೇರಿ ರೂಪಿಸಿದ ಇದಕ್ಕೆ 1908ರ ಪ್ಯಾಟರ್ನ್ ಅನ್ನುತ್ತಾರೆ. ಇದರ ಜೊತೆಗೇ ನಮ್ಮ ಪುಟ್ಟ ಗುದ್ದಲಿಯೂ ಬಂತು. ತಲೆ ಬೇರೆ, ಕಾವು ಬೇರೆ. ತಲೆಯನ್ನು ಚೀಲದಲ್ಲಿಟ್ಟು ಸೊಂಟದ ಹಿಂದೆ ತೂಗುಹಾಕುತ್ತಿದ್ದರು. ಕಾವನ್ನು ಬಯೋನೆಟ್ಟಿನ ಒರೆಗೆ ಒತ್ತಿ ಕಟ್ಟುತ್ತಿದ್ದರು. ಬೇಕಾದಾಗ ಕ್ಷಣದಲ್ಲಿ ಜೋಡಿಸಿಕೊಳ್ಳಬಹುದಿತ್ತು.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಈ ಆಕಾರ. ಯುರೋಪಿನ ಸಲಿಕೆಯಲ್ಲಿ ಅಲಗು ಕಾವಿನ ನೇರಕ್ಕೇ ಇರುತ್ತದೆ. ಕಾಲಲ್ಲಿ ಒತ್ತಿ, ಮುಂದಕ್ಕೆ ತಳ್ಳಿ ಅಗೆಯುವುದು ಅವರ ಪದ್ಧತಿ. ಇದರಲ್ಲಿ ಅಲಗು ಕಾವಿಗೆ ಅಡ್ಡಲಾಗಿದೆ. ಎತ್ತಿ ಕುಕ್ಕಬೇಕು, ತನ್ನ ಕಡೆಗೆ ಎಳೆದುಕೊಳ್ಳಬೇಕು. ನಾವು ತೋಟದಲ್ಲಿ ಪಾತಿ ಮಾಡುವಾಗ ಗುದ್ದಲಿ ಹಿಡಿಯುವ ರೀತಿಯೇ ಇದು. ಇದರ ಮೂಲ ಹುಡುಕಿದರೆ ಸಿಗುವುದೂ ಭಾರತವೇ. ಇಲ್ಲಿನ ಸೇನೆಯಲ್ಲಿ ಸರ್‌ಹಿಂದ್ ಹೆಸರಿನ ಸಾಧನವೊಂದು ಬಳಕೆಯಲ್ಲಿತ್ತು. 1908ರ ನಮೂನೆ ಅದರಿಂದ ಬಂದದ್ದು. ಸರ್‌ಹಿಂದ್ ಪಂಜಾಬಿನ ಊರು. ಆ ಹೆಸರಿನ ಒಂದು ಬ್ರಿಗೇಡೂ ಇತ್ತು.

ಬರಿಗಾಲಲ್ಲಿ ಕೆಲಸ ಮಾಡುವ ನಾಡಿನಲ್ಲಿ ಸಲಿಕೆಯ ಅಂಚನ್ನು ಕಾಲಲ್ಲಿ ಒತ್ತುವುದು ಕಷ್ಟ, ಎಳೆಯುವ ಗುದ್ದಲಿ ಸುಲಭ. ಯುದ್ಧದಲ್ಲೂ ಅದಕ್ಕೊಂದು ಲಾಭ ಇದೆ ಅನ್ನಿಸುತ್ತದೆ. ತಲೆ ಮೇಲೆ ಗುಂಡು ಹಾರುತ್ತಿರುವಾಗ ಎದ್ದು ನಿಂತು ಸಲಿಕೆ ಒತ್ತಲಿಕ್ಕಾಗುತ್ತದಾ? ಪಕ್ಕಕ್ಕೆ ಮಲಗಿಕೊಂಡೇ ಮಣ್ಣು ಕೆರೆಯಬೇಕು. ಇದು ನನ್ನ ಊಹೆ. ಕೈಯಲ್ಲಿ ಗುದ್ದಲಿ ಹಿಡಿದವರು ಯಾರಾದರೂ ಇದನ್ನು ಒಪ್ಪಿಯಾರು.

ಮೊದಲ ಮಹಾಯುದ್ಧ ಶುರುವಾದಾಗ ಈ ಸಾಧನ ಫ್ರಾನ್ಸಿನ ಮಣ್ಣಿಗಿಳಿಯಿತು. ಸರ್‌ಹಿಂದ್ ಬ್ರಿಗೇಡ್ ಲಾಹೋರ್ ಡಿವಿಷನ್ನಿನ ಭಾಗವಾಗಿ ದಾರಿಯಲ್ಲಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತು, 1914ರ ಚಳಿಗಾಲದಲ್ಲಿ ಫ್ರಾನ್ಸ್ ಸೇರಿತು. 1915ರ ಮಾರ್ಚಿನಲ್ಲಿ ನೂವ್ ಶಾಪೆಲ್ ಕದನ ನಡೆಯಿತು. ಅಲ್ಲೀಗ ಇರುವ ಸ್ಮಾರಕದಲ್ಲಿ 4,700ಕ್ಕೂ ಜಾಸ್ತಿ ಭಾರತೀಯರ ಹೆಸರಿದೆ. ಕಂದಕಗಳು ಉದ್ದಕ್ಕೂ ಬೆಳೆದಂತೆ ಅಗೆಯುವ ದೊಡ್ಡ ಕೆಲಸವನ್ನು ಪೂರ್ತಿ ಅಳತೆಯ ಸಲಿಕೆ, ಪಿಕಾಸಿಗಳೇ ಮಾಡಿದವು. ಪುಟ್ಟ ಗುದ್ದಲಿಯ ಪಾಲಿಗೆ ಉಳಿದದ್ದು ಬಯಲಲ್ಲಿ ಸಿಕ್ಕಿಬಿದ್ದವನ ಮೊದಲ ಗುಳಿ. ರಾತ್ರಿ ದಾಳಿಗೆ ಹೋಗುವವರು ಅದರ ಕಾವಿಗೆ ಎರಕದ ಕಬ್ಬಿಣದ ಗುಂಡು ಸಿಕ್ಕಿಸಿ ಗದೆ ಮಾಡಿಕೊಳ್ಳುತ್ತಿದ್ದದ್ದೂ ಉಂಟು.

ಅದೇ ಯುದ್ಧದ ಒಂದು ತಮಾಷೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆನಡಾದ ಸೇನಾ ಮಂತ್ರಿ ಸ್ಯಾಮ್ ಹ್ಯೂಸ್‌ಗೆ ಒಂದು ಸಲಿಕೆಯ ಮೇಲೆ ಬಹಳ ಪ್ರೀತಿ. ಅದರ ಅಲಗಿನಲ್ಲಿ ಒಂದು ತೂತು. ನೆಲಕ್ಕೆ ಊರಿ, ತೂತಿನಲ್ಲಿ ಬಂದೂಕು ತೂರಿಸಿ ಗುರಿ ಇಡಬಹುದು, ಸಲಿಕೆಯೇ ಗುರಾಣಿ! ಪೇಟೆಂಟ್ ಇದ್ದದ್ದು ಮಂತ್ರಿಗಳ ಕಾರ್ಯದರ್ಶಿ ಎನಾ ಮ್ಯಾಕ್‌ಆಡಮ್ ಹೆಸರಲ್ಲಿ. ಇಪ್ಪತ್ತೈದು ಸಾವಿರ ಸಲಿಕೆ ತರಿಸಿದರು. ಗುಂಡು ಅಲಗನ್ನು ತೂರಿಕೊಂಡು ಹೋಯಿತು. ತೂತಿರುವ ಸಲಿಕೆಯಲ್ಲಿ ಮಣ್ಣು ನಿಲ್ಲುತ್ತದಾ? ಅದೂ ಇಲ್ಲ. ಕೊನೆಗೆ ಎಲ್ಲವನ್ನೂ ಗುಜರಿಗೆ ಹಾಕಿದರು.

ಎರಡು ಯುದ್ಧಗಳ ನಡುವೆ ಬ್ರಿಟಿಷರು ತಮ್ಮ ಪುಟ್ಟ ಗುದ್ದಲಿಯನ್ನೂ ಕೈಬಿಟ್ಟಿದ್ದರು. ಇನ್ನು ಮುಂದೆ ಲಾರಿಗಳಲ್ಲೇ ದೊಡ್ಡ ಸಲಿಕೆ ಬರುತ್ತದೆ, ಸೈನಿಕ ಹೊರುವುದೇಕೆ ಎಂದುಕೊಂಡರು. 1937ರ ಹೊಸ ಸರಂಜಾಮಿನಲ್ಲಿ ಮೊದಲಿಗೆ ಅದಕ್ಕೆ ಜಾಗವಿರಲಿಲ್ಲ. ಎರಡನೇ ಮಹಾಯುದ್ಧ ಬಂದ ಮೇಲೆ ಬುದ್ಧಿ ಬಂತು, ಹಳೆಯ ನಮೂನೆಯನ್ನೇ ಮರಳಿ ತಂದರು. ಯುದ್ಧದ ಕೊನೆಯ ವರ್ಷಗಳಲ್ಲಿ ಕಾವಿನ ತುದಿಗೆ ಒಂದು ಉಕ್ಕಿನ ಜೋಡಣೆ ಸೇರಿತು. ಮೊಳೆಯಂಥ ಬಯೋನೆಟ್ಟನ್ನು ಅದಕ್ಕೆ ಸಿಕ್ಕಿಸಿ ನೆಲಬಾಂಬು ಇದೆಯಾ ಎಂದು ಮಣ್ಣು ಚುಚ್ಚಿ ನೋಡುತ್ತಿದ್ದರು.

ಕೊಹಿಮಾಕ್ಕೆ ಬರೋಣ. 1944ರ ಏಪ್ರಿಲ್ 4ರಂದು ಜನರಲ್ ಸಾಟೊ ಅವರ ಜಪಾನಿ 31ನೇ ಡಿವಿಷನ್ ಈ ದಿಣ್ಣೆಯ ಮೇಲೆ ಬಿದ್ದಿತು. ತಡೆದು ನಿಂತವರು ಸಂಖ್ಯೆಯಲ್ಲಿ ತೀರಾ ಕಡಿಮೆ. ರಾಯಲ್ ವೆಸ್ಟ್ ಕೆಂಟ್‌ನ ಒಂದು ಬೆಟಾಲಿಯನ್, ಅಸ್ಸಾಂ ರೆಜಿಮೆಂಟ್, ಇನ್ನೂ ಕೆಲವು ತುಕಡಿಗಳು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಈ ಬದಿಗೆ ಇವರು, ಆ ಬದಿಗೆ ಅವರು. ಕೈಯಲ್ಲಿ ಎಸೆದ ಗ್ರೆನೇಡು ಎದುರಾಳಿಯ ಗುಳಿಗೆ ಬೀಳುವಷ್ಟು ಹತ್ತಿರ. ಹಗಲು ತಲೆ ಎತ್ತುವಂತಿರಲಿಲ್ಲ. ತೋಡಿದ ಗುಳಿಯೇ ಮನೆ, ಅದೇ ಆಸ್ಪತ್ರೆ, ಎಷ್ಟೋ ಜನಕ್ಕೆ ಅದೇ ಸಮಾಧಿ. ಜೂನ್ 22ಕ್ಕೆ ಕೊಹಿಮಾ-ಇಂಫಾಲ್ ರಸ್ತೆ ತೆರೆಯಿತು. ಈಗ ಆ ಅಂಗಳವೇ ಯುದ್ಧ ಸ್ಮಶಾನದ ಭಾಗ. ಅಲ್ಲಿ 1,420 ಸಮಾಧಿಗಳಿವೆ. ದಹನವಾದ 917 ಹಿಂದೂ, ಸಿಖ್ ಸೈನಿಕರ ಹೆಸರು ಬೇರೆಯಾಗಿ ಕೆತ್ತಿದೆ.

ಹೀಗಿರುವಾಗ ಅಲ್ಲಿ ಸಿಕ್ಕ ತುಂಡು ಯಾರದ್ದು ಅಂತ ಹೇಳುವುದು ಹೇಗೆ? ಮೊದಲು ಆಕಾರ ನೋಡಬೇಕು. ಅಲಗಿನಲ್ಲಿ ಎರಡು ತೂತಿರುವ, ಕಾವು ಬಿಚ್ಚಿಡಬಹುದಾದ ಸಲಿಕೆಯಾದರೆ ಜಪಾನಿಯರದ್ದು. ಮಡಚುವ ಸಲಿಕೆಯಾದರೆ ಅಮೆರಿಕನ್ನರದ್ದು ಇರಬಹುದು. ಅವರು 1943ರಲ್ಲಿ ಜರ್ಮನ್ನರ ಮಡಚು ಸಲಿಕೆ ನೋಡಿ ತಮ್ಮದನ್ನು ಮಾಡಿಕೊಂಡರು. ಅಲಗು-ಮೊನೆ ಎರಡೂ ಇರುವ ತಲೆಯಾದರೆ 1908ರ ನಮೂನೆ.

ಆಮೇಲೆ ಮುದ್ರೆ. ಬ್ರಿಟಿಷ್ ಸರ್ಕಾರದ ಸಾಮಾನಿಗೆ ಶತಮಾನಗಳಿಂದ ಒಂದು ಬಾಣದ ಗುರುತು ಹಾಕುತ್ತಿದ್ದರು. ಬಾಣದ ಕೆಳಗೆ ಇಂಗ್ಲಿಷಿನ ‘ಐ’ ಇದ್ದರೆ ಭಾರತದಲ್ಲಿ ಪಾಸಾದ ಸಾಮಾನು. ‘ಸಿ’ ಅಕ್ಷರದೊಳಗೆ ಬಾಣ ಕೂತಿದ್ದರೆ ಕೆನಡಾ. ಎರಡು ‘ಡಿ’ಗಳ ನಡುವೆ ಇದ್ದರೆ ಆಸ್ಟ್ರೇಲಿಯಾ. ಪಕ್ಕದಲ್ಲಿ ತಯಾರಕರ ಹೆಸರಿನ ಅಕ್ಷರಗಳು, ವರ್ಷ ಇರಬಹುದು.

ಇಲ್ಲೇ ಜನ ಎಡವುವುದು. ವರ್ಷ ಹೇಳುವುದು ಅದು ತಯಾರಾದ ಕಾಲವನ್ನು, ಕಳೆದುಹೋದ ಕಾಲವನ್ನಲ್ಲ. ಸೇನೆಯ ಗೋದಾಮಿನಲ್ಲಿ ಸಾಮಾನು ದಶಕಗಟ್ಟಲೆ ಕೂರುತ್ತದೆ. ಒಂದೇ ನಮೂನೆ ಎರಡು ಯುದ್ಧ ಕಂಡಿರುವುದರಿಂದ 1915ರ ತಲೆ 1944ರ ಕಂದಕದಲ್ಲಿ ಸಿಕ್ಕರೆ ಆಶ್ಚರ್ಯ ಬೇಡ. ಸಿಕ್ಕ ಜಾಗವನ್ನೂ ಪೂರ್ತಿ ನಂಬುವಂತಿಲ್ಲ. ಯುದ್ಧ ಮುಗಿದ ಮೇಲೆ ಆ ಗುಡ್ಡಗಾಡಿನ ಜನ ಬಿದ್ದಿದ್ದ ಉಕ್ಕನ್ನು ಸುಮ್ನೆ ಬಿಡಲಿಲ್ಲ. ವಿಮಾನದ ರನ್‌ವೇಗೆ ಹಾಸಿದ್ದ ತೂತಿನ ತಗಡುಗಳು ಎಷ್ಟೋ ಮನೆಗಳ ಬೇಲಿಯಾದವು. ಒಂದು ಒಳ್ಳೆಯ ಗುದ್ದಲಿ ತಲೆಯನ್ನು ಯಾರು ಬಿಡುತ್ತಾರೆ, ಅಲ್ವಾ? ಹೊಸ ಕಾವು ಹಾಕಿ ಇನ್ನೊಂದು ಊರಿನ ಹೊಲದಲ್ಲಿ ಬಳಸಿ, ಸವೆದ ಮೇಲೆ ಅಲ್ಲೇ ಎಸೆದಿರಬಹುದು. ಅಂಚು ತುಂಬಾ ಸವೆದಿದ್ದರೆ, ಮತ್ತೆ ಮತ್ತೆ ಕಾಯಿಸಿ ಬಡಿದಂತಿದ್ದರೆ ಈ ಅನುಮಾನ ಇಟ್ಟುಕೊಳ್ಳಬೇಕು.

ನಮ್ಮ ಬೆಂಗಳೂರಿಗೂ ಈ ಕತೆಯಲ್ಲಿ ಒಂದು ಕೊಂಡಿ ಇದೆ. ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನ ತುಕಡಿಗಳು ಬರ್ಮಾ ರಂಗದಲ್ಲಿ ದುಡಿದವು. ಆದರೆ ಸ್ಯಾಪರುಗಳ ನಿತ್ಯದ ಕೆಲಸ ನಡೆಯುತ್ತಿದ್ದದ್ದು ಪೂರ್ತಿ ಅಳತೆಯ ಸಾಮಾನಿನಲ್ಲಿ. ರಸ್ತೆ, ಸೇತುವೆ ಕಟ್ಟುವವರಿಗೆ ಈ ಪುಟ್ಟದ್ದು ಎಲ್ಲಿ ಸಾಕು? ಹಾಗಾಗಿ ದೊಡ್ಡ ಪಿಕಾಸಿ ತಲೆ ಸಿಕ್ಕಿದ ಕಡೆ ಕಾಲಾಳಿನ ಗುಳಿ ಹುಡುಕುವುದಕ್ಕಿಂತ ಹಳೆಯ ರಸ್ತೆಯೊಂದರ ಜಾಡು ಹುಡುಕುವುದು ಮೇಲು.

ಇಂಥದ್ದು ಕೈಗೆ ಸಿಕ್ಕರೆ ಗ್ರೈಂಡರ್ ಹಿಡಿಯಬೇಡಿ. ಮುದ್ರೆ ತೆಳುವಾಗಿರುತ್ತದೆ, ತುಕ್ಕಿನ ಜೊತೆಗೇ ಹೋಗಿಬಿಡುತ್ತದೆ. ಒಣ ಬ್ರಶ್ಶಿನಲ್ಲಿ ಮಣ್ಣು ಉದುರಿಸಿ, ಓರೆಯಾಗಿ ಟಾರ್ಚ್ ಬಿಟ್ಟು ನೋಡಿದರೆ ಅಕ್ಷರಗಳು ಎದ್ದು ಕಾಣುತ್ತವೆ. ಎಲ್ಲಿ, ಎಷ್ಟು ಆಳದಲ್ಲಿ, ಪಕ್ಕದಲ್ಲಿ ಏನಿತ್ತು ಅನ್ನುವುದನ್ನು ಅವತ್ತೇ ಬರೆದಿಡಿ. ಪಕ್ಕದಲ್ಲಿದ್ದದ್ದು ಶೆಲ್ಲೋ ಗ್ರೆನೇಡೋ ಆದರೆ ಮುಟ್ಟದೆ ಪೊಲೀಸರಿಗೆ ಹೇಳಿ. ಆ ಕಡೆ ಅವು ಇನ್ನೂ ಜೀವಂತವಾಗಿ ಸಿಗುತ್ತವೆ. ಇಂಫಾಲಿನ ಹತ್ತಿರ ರೆಡ್ ಹಿಲ್ ತಪ್ಪಲಲ್ಲಿ 2019ರಲ್ಲಿ ಶಾಂತಿ ವಸ್ತುಸಂಗ್ರಹಾಲಯ ತೆರೆದಿದೆ. ಹೋಲಿಸಿ ನೋಡಲು ಅಲ್ಲಿ ರಣರಂಗದ ಸಾಮಾನುಗಳಿವೆ.

ಕೊಳ್ಳುವವರಿಗೂ ಒಂದು ಮಾತು. ಹಳೆ ಸಾಮಾನಿನ ಸಂತೆಯಲ್ಲಿ ಈ ತಲೆಗಳನ್ನು ಮೊದಲ ಮಹಾಯುದ್ಧದ್ದು ಎಂದು ಮಾರುತ್ತಾರೆ, ಅದಕ್ಕೆ ಬೆಲೆ ಜಾಸ್ತಿ. ವರ್ಷ ಇರುವ ಜಾಗವನ್ನೇ ಯಾರೋ ಉಜ್ಜಿ ಹೊಳಪು ಮಾಡಿದ್ದರೆ, ಮೇಲೆ ಹೊಚ್ಚ ಹೊಸ ಕಾವು ಇದ್ದರೆ, ಗುಜರಿ ಕಬ್ಬಿಣದ ರೇಟು ಕೇಳಿ.