ಗ್ಯಾಸ್ ಆಫ್ ಮಾಡಿದ್ರೆ ಬೀಜ ಹುರಿಯೋದು ನಿಲ್ಲಲ್ಲ ಸ್ವಾಮಿ

ಈಗೀಗ ನಮ್ಮ ಕಾಫಿ ಪುಡಿ ಅಂಗಡಿಗೆ ಡಬ್ಬಿ ಹಿಡ್ಕೊಂಡು ಬರೋರು ಜಾಸ್ತಿ. "ನಮ್ಮದೇ ತೋಟದ ಬೀಜ, ಮನೇಲೇ ಹುರಿದ್ವಿ, ಯಾಕೋ ಬರೀ ಸುಟ್ಟ ವಾಸನೆ, ಬೀಜನೇ ಸರಿ ಇಲ್ವೇನೋ ನೋಡಿ." ಮುಚ್ಚಳ ತೆಗೆದ್ರೆ ಇದ್ದಿಲ ಬಣ್ಣ, ಮೇಲೆಲ್ಲಾ ಎಣ್ಣೆ ಜಿಡ್ಡು. ನಾನು ಕೇಳೋದು ಒಂದೇ, ಬಾಣಲೆಯಿಂದ ಯಾವಾಗ ತೆಗೆದ್ರಿ? "ಗ್ಯಾಸ್ ಆಫ್ ಮಾಡಿ ಹಾಗೇ ಆರೋಕೆ ಬಿಟ್ವಿ." ಅಯ್ಯೋ ಮಾರಾಯ್ರೆ, ಅಲ್ಲೇ ಇರೋದು ಎಡವಟ್ಟು.

ಬೀಜ ಸುಮಾರು 200 ಡಿಗ್ರಿ ಹತ್ರ ಬಂದಾಗ ಮೊದಲನೇ ಸಲ ಚಟಪಟ ಅನ್ನುತ್ತೆ, 225ರ ಆಸುಪಾಸಿನಲ್ಲಿ ಎರಡನೇ ಸಲ, ಸ್ವಲ್ಪ ಸಣ್ಣ ಸೌಂಡು, ಬೇಗ ಬೇಗ. ಮಧ್ಯ ಇರೋದು 25 ಡಿಗ್ರಿ ಅಷ್ಟೇ. ನಿಮ್ಮ ದಪ್ಪ ಕಬ್ಬಿಣದ ಬಾಣಲೆ ಬೀಜಕ್ಕಿಂತ ಬಿಸಿ ಇರುತ್ತೆ, ಒಲೆ ಆರಿಸಿದ ತಕ್ಷಣ ಅದೇನೂ ತಣ್ಣಗಾಗಲ್ಲ, ಜೊತೆಗೆ ಎರಡನೇ ಚಟಪಟದ ಹೊತ್ತಿಗೆ ಬೀಜ ಒಳಗಿಂದ ತಾನೇ ಶಾಖ ಬಿಡೋಕೆ ಶುರು ಮಾಡಿರುತ್ತೆ, ಹಂಗಾಗಿ ನೀವು ಕೈ ಒರೆಸ್ಕೊಂಡು ಫೋನ್ ನೋಡ್ತಾ ಕೂತಿರೋವಾಗ ಅಲ್ಲಿ ಹುರಿಯೋ ಕೆಲಸ ನಡೀತಾನೇ ಇರುತ್ತೆ. ಬೇಕಾದ ಬಣ್ಣ ಬರೋಕೆ ಸ್ವಲ್ಪ ಮುಂಚೇನೇ ಇಳಿಸಿ. ಇಳಿಸೋದು ಅಂದ್ರೆ ಬಾಣಲೆ ಇಳಿಸೋದಲ್ಲ, ಬೀಜನ ಬೇರೆ ಕಡೆ ಸುರಿಯೋದು. ಸ್ಟೀಲ್ ಜರಡಿಗೆ ಸುರಿದು, ಟೇಬಲ್ ಫ್ಯಾನ್ ಮುಂದೆ ಹಿಡ್ಕೊಂಡು ಆಡಿಸ್ತಾ ಇದ್ರೆ ಮೂರ್ನಾಲ್ಕು ನಿಮಿಷದಲ್ಲಿ ಕೈಯಲ್ಲಿ ಮುಟ್ಟೋ ಹಾಗಾಗುತ್ತೆ, ಹೊಟ್ಟೂ ಹಾರಿಹೋಗುತ್ತೆ. ಬಿದಿರಿನ ಮೊರನೂ ನಡಿಯುತ್ತೆ. ಪ್ಲಾಸ್ಟಿಕ್ ಮೊರಕ್ಕೆ ಸುರಿದು ಮೊರ ಕರಗಿಸ್ಕೊಂಡೋರು ಇದಾರೆ. ಬಿಸಿ ಬೀಜನ ಫ್ರಿಜ್ಜಿಗೆ ಇಟ್ಟೋರೂ ಇದಾರೆ, ಅವರ ಹತ್ರ ವಾದ ಮಾಡಲ್ಲ.

ಎಷ್ಟು ನಿಮಿಷ ಹುರೀಬೇಕು ಅಂತ ಮಾತ್ರ ಕೇಳಬೇಡಿ. ಒಲೆ, ಬಾಣಲೆ, ಬೀಜದ ತೇವ ಎಲ್ಲಾ ಬೇರೆ ಬೇರೆ. ಹಾಲು ಹಾಕೋ ಫಿಲ್ಟರ್ ಕಾಫಿಗೆ ನಾನಾದ್ರೆ ಎರಡನೇ ಚಟಪಟದ ಮೊದಲ ಸದ್ದು ಕೇಳ್ತಿದ್ದಂಗೆ ಸುರಿದುಬಿಡ್ತೀನಿ, ಅದು ನನ್ನ ಟೇಸ್ಟು. ತೂಕ ಒಂದು ಅಂದಾಜು ಕೊಡುತ್ತೆ. 200 ಗ್ರಾಂ ಹಸಿ ಬೀಜ ಹಾಕಿ 170ರ ಹತ್ರ ಸಿಕ್ರೆ ಪರವಾಗಿಲ್ಲ, 150 ಸಿಕ್ರೆ ಸುಟ್ಟಿದೀರಿ ಅಂತ್ಲೇ ಲೆಕ್ಕ.

ಮೂಡಿಗೆರೆ ಕಡೆಯ ಅಳಿಯ ಒಬ್ರು ಬೆಂಗಳೂರಿಂದ ಫೋನ್ ಮಾಡಿ, ಎಷ್ಟು ಹುರಿದ್ರೂ ಬೀಜ ಕಂದು ಬಣ್ಣಕ್ಕೇ ಬರ್ತಿಲ್ಲ, ಮೇಲೆ ಏನೋ ಕಾಗದ ಸುಟ್ಟಂಗೆ ಆಗ್ತಿದೆ ಅಂದ್ರು. ಮಾವ ಪ್ರೀತಿಯಿಂದ ಕೊಟ್ಟಿದ್ದು ಪಾರ್ಚ್‌ಮೆಂಟು, ಅಂದ್ರೆ ಕ್ಯೂರಿಂಗ್ ಮಿಲ್ಲಲ್ಲಿ ಸಿಪ್ಪೆ ಬಿಡಿಸದೇ ಇರೋ ಬೀಜ, ಕಾಗದದಂಥ ಸಿಪ್ಪೆ ಸಮೇತ! ಪಾಪ, ಒಳ್ಳೇ ಮನುಷ್ಯ, ಆಮೇಲೆ ಸಿಪ್ಪೆ ಬಿಡಿಸಿದ ಬೀಜ ತಂದು ಕಲಿತ್ರು, ಈಗ ಮಾವನಿಗೇ ಪುಡಿ ಕಳಿಸ್ತಾರೆ.

ಹುರಿದ ದಿನಾನೇ ಡಿಕಾಕ್ಷನ್ ಹಾಕಿ ಬೇಜಾರಾಗಬೇಡಿ. ಬೀಜದೊಳಗೆ ಕಾರ್ಬನ್ ಡೈ ಆಕ್ಸೈಡ್ ತುಂಬಿರುತ್ತೆ, ಒಂದೆರಡು ದಿನ ಬಿಡಿ, ರುಚಿ ಕೂಡುತ್ತೆ. ಪೂರ್ತಿ ಆರೋ ತನಕ ಡಬ್ಬಿಗೆ ತುಂಬಬೇಡಿ.

ಇನ್ನೊಂದು, ಹೊಟ್ಟು ಒಣಗಿರುತ್ತೆ, ಒಲೆ ಮೇಲೆ ಬಿದ್ರೆ ಬೆಂಕಿ ಹತ್ತಬಹುದು. ಬಾಣಲೆಯಲ್ಲೇ ಹತ್ಕೊಂಡ್ರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ. ನೀರು ಸುರೀಬೇಡಿ, ಕಾದ ಕಬ್ಬಿಣದ ಮೇಲೆ ಬಿದ್ದ ನೀರು ಆವಿಯಾಗಿ ಮುಖಕ್ಕೇ ಬರುತ್ತೆ. ದೊಡ್ಡ ಮಷೀನುಗಳಲ್ಲಿ ನೀರು ಸ್ಪ್ರೇ ಮಾಡಿ ಬೀಜ ತಣ್ಣಗೆ ಮಾಡ್ತಾರಲ್ಲ ಅಂತೀರಾ, ಅದಕ್ಕೆ ಅಳತೆ ಇದೆ, ನಿಮ್ಮ ಚೊಂಬಿಗೆ ಇಲ್ಲ.