ಕ್ರಾಗ್‌ಸೈಡ್: ಹಳ್ಳದ ನೀರಿನಿಂದ ದೀಪ ಉರಿದ ಮನೆ

ಇಂಗ್ಲೆಂಡಿನ ಉತ್ತರದಲ್ಲಿ, ನಾರ್ಥಂಬರ್ಲೆಂಡಿನ ರಾತ್‌ಬರಿ ಊರಿನ ಹತ್ತಿರ, ಬಂಡೆಗುಡ್ಡಕ್ಕೆ ಒರಗಿಕೊಂಡಂತೆ ಕ್ರಾಗ್‌ಸೈಡ್ ಮನೆ ನಿಂತಿದೆ. ಎತ್ತರದ ಹೊಗೆಗೂಡುಗಳು, ಕಡಿದಾದ ಮಾಡುಗಳು, ಗೋಡೆಯಲ್ಲಿ ಕಪ್ಪು ಮರದ ಪಟ್ಟಿಗಳು. ನೋಡಿದರೆ ವಿಕ್ಟೋರಿಯಾ ರಾಣಿಗಿಂತ ಎಷ್ಟೋ ಹಿಂದಿನದು ಅನಿಸುತ್ತದೆ. ಆದರೆ ಆ ಹಳೆಯ ಚಹರೆ ಬೇಕೆಂದೇ ತಂದದ್ದು.

ಮನೆ ಕಟ್ಟಿಸಿದವರು ವಿಲಿಯಂ ಆರ್ಮ್‌ಸ್ಟ್ರಾಂಗ್. ವಕೀಲಿಕೆ ಬಿಟ್ಟು ಎಂಜಿನಿಯರ್ ಆದವರು. ನೀರಿನ ಒತ್ತಡದಿಂದ ಓಡುವ ಕ್ರೇನ್ ಅವರಿಗೆ ಹೆಸರು ತಂದಿತು; ಫಿರಂಗಿ ತಯಾರಿಕೆ ದುಡ್ಡು ತಂದಿತು. ಈ ಮನೆಯ ಚೆಲುವು ಹೊಗಳುವಾಗ ಆ ಫಿರಂಗಿಗಳನ್ನು ಮರೆಯಬಾರದು. 1863ರಲ್ಲಿ ಶುರುವಾದ ಚಿಕ್ಕ ಮನೆಯನ್ನು ವಾಸ್ತುಶಿಲ್ಪಿ ರಿಚರ್ಡ್ ನಾರ್ಮನ್ ಶಾ 1869ರಿಂದ ಹಂತಹಂತವಾಗಿ ಬೆಳೆಸಿದರು. ಹಾಗಾಗಿಯೇ ಇದರಲ್ಲಿ ಎಡಬಲ ಸರಿಸಮ ಅನ್ನೋದೇ ಇಲ್ಲ.

ಆರ್ಮ್‌ಸ್ಟ್ರಾಂಗ್ ಹಳ್ಳಗಳಿಗೆ ಒಡ್ಡು ಹಾಕಿಸಿ ಕೆರೆಗಳನ್ನು ಮಾಡಿಸಿದರು. ಹತ್ತು ಮೀಟರ್ ಎತ್ತರದಲ್ಲಿ ನೀರಿದ್ದರೆ, ಕೆಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತಡ ಸಿಗುತ್ತದೆ. ಆ ಒತ್ತಡದಿಂದಲೇ ಮನೆಯ ಲಿಫ್ಟ್ ಏರುತ್ತಿತ್ತು. ಅಡುಗೆಮನೆಯಲ್ಲಿ ಮಾಂಸ ಸುಡುವ ಸಲಾಕೆಯನ್ನೂ ನೀರೇ ತಿರುಗಿಸುತ್ತಿತ್ತು!

1878ರಲ್ಲಿ ನೀರಿನ ಬಲದಿಂದ ಡೈನಮೋ (ಕರೆಂಟ್ ಹುಟ್ಟಿಸುವ ಯಂತ್ರ) ತಿರುಗಿಸಿ, ಚಿತ್ರಶಾಲೆಯಲ್ಲಿ ಆರ್ಕ್ ದೀಪ (ಎರಡು ಇಂಗಾಲದ ಕಡ್ಡಿಗಳ ನಡುವೆ ಕರೆಂಟ್ ಹಾರಿ ಬೆಳಗುವ ದೀಪ) ಹಚ್ಚಿದರು. ಅದರ ಬೆಳಕು ಕಣ್ಣು ಕುಕ್ಕುವಂಥದ್ದು, ಮನೆಗೆ ಒಗ್ಗುವಂಥದ್ದಲ್ಲ. 1880ರಲ್ಲಿ ಗೆಳೆಯ ಜೋಸೆಫ್ ಸ್ವಾನ್ ತಯಾರಿಸಿದ ಬಲ್ಬುಗಳು ಬಂದವು. ಗ್ರಂಥಾಲಯದ ದೀಪಗಳ ಜೋಡಣೆ ನನಗಂತೂ ಇಡೀ ಮನೆಯಲ್ಲೇ ಹೆಚ್ಚು ಇಷ್ಟ. ತಾಮ್ರದ ಮೇಲೆ ಎನಾಮೆಲ್ ಮಾಡಿದ ಹೂದಾನಿಗಳ ನೆತ್ತಿಯಲ್ಲಿ ಬಲ್ಬು. ಹೂದಾನಿಯ ತಾಮ್ರದ ಮೈಯೇ ಒಂದು ತಂತಿ. ಇನ್ನೊಂದು ತಂತಿ ಅದರೊಳಗೆ ಇಳಿಯುತ್ತದೆ. ಕೆಳಗಿನ ಪೀಠದಲ್ಲಿ ಪಾದರಸ. ಪಾದರಸ ದ್ರವವಾದರೂ ಲೋಹ, ಕರೆಂಟ್ ಹರಿಯಲು ಬಿಡುತ್ತದೆ. ಹೂದಾನಿ ಎತ್ತಿದರೆ ದೀಪ ಆರುತ್ತದೆ, ಇಟ್ಟರೆ ಹೊತ್ತಿಕೊಳ್ಳುತ್ತದೆ. ಪಾದರಸದ ಆವಿ ವಿಷ, ಇವತ್ತು ಯಾರೂ ಹೀಗೆ ಮಾಡಬಾರದು. ಆದರೂ ಎಂಥ ಜಾಣತನ, ಅಲ್ವಾ?

ಆಗ ಮನೆಯಲ್ಲಿದ್ದದ್ದು 45 ಬಲ್ಬು. ಒಂದೇ ಹೊತ್ತಿಗೆ 37ಕ್ಕಿಂತ ಜಾಸ್ತಿ ಬೇಕಾಗುತ್ತಿರಲಿಲ್ಲ, ಕರೆಂಟನ್ನು ಕೋಣೆಯಿಂದ ಕೋಣೆಗೆ ಬದಲಿಸುತ್ತಿದ್ದರು. ಡೈನಮೋ ಇದ್ದದ್ದು ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿ, ಹಾಗಾಗಿ ದಪ್ಪ ತಾಮ್ರದ ತಂತಿಯಿಂದಲೇ ಕೆಲಸ ನಡೆಯಿತು. ದೂರ ಹೆಚ್ಚಾದರೆ ಇದು ನಡೆಯದು, ತಂತಿ ಬಿಸಿಯಾಗಿಯೇ ಶಕ್ತಿ ಸೋರಿಹೋಗುತ್ತದೆ. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಕರೆಂಟ್ ಹತ್ತನೇ ಒಂದು ಭಾಗ ಸಾಕು, ಸೋರಿಕೆ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿ ತಲುಪಿದ್ದು ಈ ಉಪಾಯದಿಂದಲೇ.

1977ರಿಂದ ಕ್ರಾಗ್‌ಸೈಡ್ ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ, ಜನ ಹೋಗಿ ನೋಡಬಹುದು. 2014ರಲ್ಲಿ ಅಲ್ಲಿನ ಟಂಬಲ್‌ಟನ್ ಕೆರೆಯ ಬಳಿ ಒಂದು ಆರ್ಕಿಮಿಡಿಸ್ ತಿರುಪು ಕೂರಿಸಿದರು. ಕೆರೆಯ ನೀರು ಅದರ ಸುರುಳಿಗಳಲ್ಲಿ ಇಳಿಯುತ್ತಾ ತಿರುಪನ್ನು ತಿರುಗಿಸಿ, ಮನೆಗೆ ಮತ್ತೆ ಕರೆಂಟ್ ಕೊಡುತ್ತಿದೆ.